ದೋಣಿ ಇಂಜಿನ್ನಿನ ಪುಸ್ತಕ

ಬೇಲೂರಿನ ಹತ್ತಿರ ಹಿನ್ನೀರಿನಲ್ಲಿ ದೋಣಿವಿಹಾರ ನಡೆಸುವ ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿ. ನಮಗಿದ್ದದ್ದು ಒಂದೇ ಮೋಟಾರ್ ದೋಣಿ. ಅದರ ಹಿಂಬದಿಗೆ ಬಿಗಿದಿದ್ದ ಇಂಜಿನ್ ನನ್ನ ನೌಕರಿಗಿಂತ ಹಳೆಯದು. ಅದರ ರಿಪೇರಿ ಪುಸ್ತಕ ಬೀರುವಿನಲ್ಲಿತ್ತು. ಹೊಸದಾಗಿ ಬಂದ ಸಾಹೇಬರು ಕಚೇರಿ ಚೊಕ್ಕ ಮಾಡಿಸುವ ಹುಮ್ಮಸ್ಸಿನಲ್ಲಿ ಅದನ್ನೂ ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿಸಿದರು. ತಮ್ಮ ಹೆಸರಿರುವ ಆಹ್ವಾನಪತ್ರಿಕೆ ಬಿಟ್ಟು ಅವರು ಬೇರೇನನ್ನೂ ಓದಿದ್ದು ನಾನು ನೋಡಿಲ್ಲ.

ಆ ಬೇಸಿಗೆಯಲ್ಲಿ ಇಂಜಿನ್ ಹತ್ತೇ ನಿಮಿಷಕ್ಕೆ ಕಾದು ನಿಲ್ಲತೊಡಗಿತು. ಸಾಹೇಬರು ಅರಸೀಕೆರೆಯಿಂದ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ಕನ್ನು ಕರೆಸಿದರು. ಮೊದಲು ಆ ಪುಸ್ತಕದ ಇನ್ನೊಂದು ಪ್ರತಿ ಹುಡುಕೋಣವೇ ಎಂದು ನಾನು ಕೇಳಿದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

"ಪುಸ್ತಕ ನೋಡ್ಕೊಂಡು ಇಂಜಿನ್ ಬಿಚ್ಚೋನು ನಾನಲ್ಲ ಸಾ. ಸದ್ದು ಕೇಳಿದ್ರೇ ಗೊತ್ತಾಯ್ತದೆ," ಎಂದು ಸಾಹೇಬರಿಗೆ ಹೇಳಿದ.

ಸದ್ದು ಕೇಳಿದ, ಪ್ಲಗ್ ಬದಲಿಸಿದ, ಊಟ ಮುಗಿಸಿ ಹೋದ. ಇಂಜಿನ್ ಮತ್ತೆ ಕಾಯಿತು.

ಇಂಜಿನ್ ಮಾರಿದ್ದವರಿಗೆ ಪತ್ರ ಬರೆದೆ. ಆ ಮಾದರಿ ನಿಂತು ಹೋಗಿದೆ, ಹೊಸದು ಕೊಳ್ಳಿ ಎಂದರು. ಕೊನೆಗೆ ಮೊಬೈಲಿನಲ್ಲಿ ಹುಡುಕುವಾಗ, ಯಾವುದೋ ದೇಶದ ಮೀನುಗಾರನೊಬ್ಬ ತನ್ನ ಬಳಿಯಿದ್ದ ಅದೇ ಪುಸ್ತಕದ ಪುಟಗಳ ಫೋಟೋ ಹಾಕಿದ್ದು ಸಿಕ್ಕಿತು, ಎಣ್ಣೆ ಬೆರಳಿನ ಗುರುತಿನ ಸಮೇತ. ಪ್ರಿಂಟ್ ತೆಗೆಸಲು ಹೋದಾಗ ಬೇಲೂರಿನ ಜೆರಾಕ್ಸ್ ಅಂಗಡಿಯವನು ಇದು ಯಾವ ಪರೀಕ್ಷೆಗೆ ಎಂದು ವಿಚಾರಿಸಿದ.

ದೋಣಿ ನಡೆಸುವವರು ಹಗರೆ ಊರಿನವರು, ಐವತ್ತು ದಾಟಿದವರು. ಅವರಿಗಾಗಿ ಮುಖ್ಯವಾದದ್ದನ್ನು ಕನ್ನಡದಲ್ಲಿ ಬರೆದೆ: ಓಡುವಾಗ ಇಂಜಿನ್ನಿನ ಹಿಂದಿನಿಂದ ನೀರಿನ ಸಣ್ಣ ಧಾರೆ ಚಿಮ್ಮಬೇಕು, ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಬೇಕು, ಒಳಗೆ ನೀರೆತ್ತುವ ರಬ್ಬರ್ ಚಕ್ರ ಹಾಳಾಗಿರುತ್ತದೆ. ಆ ಹಾಳೆಯನ್ನು ದೋಣಿ ಶೆಡ್ಡಿನ ಗೋಡೆಗೆ ಅಂಟಿಸಿದೆವು. ಗೋಡೆ ಅಂದಗೆಡುತ್ತದೆ ಎಂದು ಸಾಹೇಬರು ಕೀಳಿಸಿದರು. ಚಕ್ರ ತರಿಸಬೇಕೆಂಬ ನನ್ನ ಟಿಪ್ಪಣಿಯ ಮೇಲೆ 'ಚರ್ಚಿಸಿ' ಎಂದು ಬರೆದರು. ಚರ್ಚೆಗೆ ಕರೆಯಲಿಲ್ಲ.

ಒಂದು ಭಾನುವಾರ ಹಳೇಬೀಡಿನಿಂದ ಬಂದ ಬೀಗರನ್ನು ಕೂರಿಸಿಕೊಂಡು ಸಾಹೇಬರು ನೀರಿಗಿಳಿದರು. ಧಾರೆ ಕಾಣಲಿಲ್ಲವೆಂದು ದೋಣಿಯವರು ವಾಪಸ್ ತಿರುಗಿಸಹೋದರೆ, ಸುಮ್ಮನೆ ನಡೆಸಿ ಎಂದು ಸಾಹೇಬರು ಗದರಿದರಂತೆ. ನಡುನೀರಿನಲ್ಲಿ ಇಂಜಿನ್ ಹೊಗೆಯುಗುಳಿ ನಿಂತಿತು. ಇದ್ದದ್ದು ಒಂದೇ ಹುಟ್ಟು. ಬೀಗರು ತಿಂಡಿ ತಟ್ಟೆಯಲ್ಲಿ ನೀರು ತಳ್ಳಿಕೊಂಡು ದಡ ಸೇರಿದರು. ನನಗೆ ಅಯ್ಯೋ ಅನ್ನಿಸಿತು ಎಂದರೆ ಸುಳ್ಳಾಗುತ್ತದೆ.

ಮರುದಿನ ನನಗೇ ನೋಟಿಸು: ಪುಸ್ತಕ ಕಾಪಾಡಿಲ್ಲವೇಕೆ? ಗುಜರಿಗೆ ಕೊಟ್ಟ ಪಟ್ಟಿಯ ಕೆಳಗಿದ್ದ ಅವರದೇ ಸಹಿಯ ಪ್ರತಿ ಲಗತ್ತಿಸಿದೆ. ಆ ಫೈಲು ಮತ್ತೆ ಕಾಣಲಿಲ್ಲ. ಚಕ್ರ ಮಾತ್ರ ವಾರದೊಳಗೆ ಬಂತು.

ಗೋಣಿಚೀಲ ಹಾಸಿ ಕೂತೆವು. ನಾನು ಓದುತ್ತಾ ಹೋದೆ, ದೋಣಿಯವರು ಬಿಚ್ಚುತ್ತಾ ಹೋದರು. ಹಳೇ ಚಕ್ರದ ರೆಕ್ಕೆಗಳೆಲ್ಲ ಕಿತ್ತುಹೋಗಿದ್ದವು.

"ಇಷ್ಟೇನಾ ಮೇಡಂ ಆಗಿದ್ದು?" ಎಂದರು ಅವರು.

"ಇಷ್ಟೇ," ಎಂದೆ.

ಸಂಜೆಯೊಳಗೆ ಧಾರೆ ಚಿಮ್ಮಿತು. ತಿಂಗಳ ನಂತರ ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಸಾಹೇಬರು, ಇಂಜಿನ್ ತಾವೇ ಮುಂದೆ ನಿಂತು ಸರಿಮಾಡಿಸಿದ್ದಾಗಿ ಹೇಳಿದರು. ದೋಣಿಯವರು ನನ್ನ ಮುಖ ನೋಡಿದರು. ನಾನು ತುಟಿ ಬಿಚ್ಚಲಿಲ್ಲ. ಸಾಹೇಬರ ಮೇಲಿದ್ದ ಅಸಹ್ಯ ಆ ಹೊತ್ತು ಸ್ವಲ್ಪ ನನ್ನ ಮೇಲೂ ಬಂತು. ಇನ್ನೂ ಹೋಗಿಲ್ಲ.