ತಿಮಿಂಗಿಲಕ್ಕೆ ಭಾವ ಹಾಕಿದ ಡ್ಯೂಟಿ ಚಾರ್ಟು

ನಮ್ಮ ಭಾವ ಇಪ್ಪತ್ತೆಂಟು ವರ್ಷ ಸಿಟಿ ಬಸ್ ಓಡಿಸಿ ಈಚೆಗೆ ನಿವೃತ್ತರಾದವರು. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ಎಷ್ಟೋ ದೂರದಲ್ಲಿ ಕೈ ಎತ್ತಿಕೊಂಡು ಓಡಿ ಬರುವವರನ್ನೂ ಕಂಡು ಬಸ್ಸು ನಿಲ್ಲಿಸುವ ಡ್ರೈವರ್ ಅಂದರೆ ಅವರೊಬ್ಬರೇ ಎಂದು ಆ ರೂಟಿನ ಜನ ಹೇಳುತ್ತಿದ್ದರು. ಇಂಥವರ ಒಂದು ಗುಟ್ಟು ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟೀರಿಂಗ್ ತಮ್ಮ ಕೈಯಲ್ಲಿ ಇಲ್ಲದಿದ್ದರೆ ಭಾವನಿಗೆ ನಾಲ್ಕನೇ ಸ್ಟಾಪಿನೊಳಗೆ ವಾಂತಿ. ಮಾತ್ರೆ ನುಂಗಿದರೆ ಆ ಮಾತ್ರೆಯೂ ಹೊರಗೆ. ಗೊತ್ತಾಗಿದ್ದರೆ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಇಷ್ಟು ವರ್ಷ ನಾನೂ ಬಾಯಿ ಬಿಟ್ಟವನಲ್ಲ. ಈಗ ಬಿಡುತ್ತಿದ್ದೇನೆ.

ಇದರ ಬಿಸಿ ತಟ್ಟಿದ್ದು ನಮ್ಮಕ್ಕನಿಗೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸರೋವರದ ನಡುಗಡ್ಡೆ ನೋಡಲು ದೋಣಿಯಲ್ಲಿ ಹೋಗಿದ್ದರು. ಹೋಗುವಾಗಲೂ ಬರುವಾಗಲೂ ಅವಳು ಭಾವನ ಬಾಯಿಗೆ ಕವರ್ ಹಿಡಿದು ಬೆನ್ನು ನೀವುತ್ತ ಕೂತಿದ್ದಳು. ನಡುಗಡ್ಡೆ ಹೇಗಿತ್ತೆಂದು ನಾನು ಕೇಳಿದ್ದಕ್ಕೆ, "ಇವರ ಬೆನ್ನು ನೋಡ್ಕೊಂಡು ಬಂದೆ ಕಣೋ" ಅಂದಳು. ಆಮೇಲೆ ಇಬ್ಬರೂ ಎಲ್ಲಿಗೂ ಹೋಗಲಿಲ್ಲ. ಅಡುಗೆಮನೆ ಬೀರುವಿನ ಬಾಗಿಲ ಒಳಬದಿಗೆ ಹಳೆ ಕ್ಯಾಲೆಂಡರಿನ ತಿಮಿಂಗಿಲವೊಂದನ್ನು ಅಂಟಿಸಿಕೊಂಡು, ಡಬ್ಬಿ ತೆಗೆಯುವಾಗಲೆಲ್ಲ ಒಂದು ಗಳಿಗೆ ನೋಡುತ್ತಿದ್ದಳು. ಕರೆದುಕೊಂಡು ಹೋಗಿ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

ನಿವೃತ್ತಿಯಾದ ಮರುವಾರವೇ ಭಾವ ನನ್ನ ಚಪ್ಪಲಿ ಅಂಗಡಿಗೆ ಬಂದರು.

"ಲೋ, ನಿನ್ನ ಕಾರು ಒಂದಿನಕ್ಕೆ ಬೇಕು. ನಿಮ್ಮಕ್ಕಂಗೆ ತಿಮಿಂಗಿಲ ತೋರಿಸ್ಬೇಕು."

ಹಾಗೆಂದವರೇ ಒಂದು ಹಾಳೆ ಬಿಡಿಸಿದರು. ನೋಡಿದರೆ ಬಸ್ಸಿಗೆ ಹಾಕಿದಂತೆ ಡ್ಯೂಟಿ ಚಾರ್ಟು! ತಿಮಿಂಗಿಲಗಳು ದಡದ ಹತ್ತಿರ ಹಾಯುವುದು ಯಾವ ತಿಂಗಳು, ಬೆಳಗ್ಗೆ ಎಷ್ಟು ಹೊತ್ತಿಗೆ ಗಾಳಿ ಕಡಿಮೆ, ಎಷ್ಟು ಮುಂಚೆ ಹಗುರವಾಗಿ ತಿಂದಿರಬೇಕು, ಬೆಚ್ಚನೆಯ ಕೋಟು, ದುರ್ಬೀನು, ಟೋಪಿ. ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಸಲ ಪುಕ್ಕಟೆ ಕರೆದೊಯ್ಯುವ ದೋಣಿ ಯಾವುದೆಂದೂ ವಿಚಾರಿಸಿ ಬರೆದಿದ್ದರು. ಕಡೆಯಲ್ಲಿ ಸೀಟುಗಳು. ಅವಳು: ಮುಂದಿನ ಸಾಲು. ಭಾಮೈದ: ಅವಳ ಹತ್ತಿರ. ನಾನು: ದಡ.

ನನಗೆ ಪಿತ್ತ ನೆತ್ತಿಗೇರಿತು. "ಏನ್ ಭಾವ ಇದು? ನಿಮ್ಮನ್ನ ದಡದಲ್ಲಿ ಬಿಟ್ಟು ಅವಳು ದೋಣಿ ಹತ್ತುತ್ತಾಳಾ?"

"ಕೊನೇ ಗಳಿಗೇಲಿ ಹೇಳ್ತೀನಿ. ನಾನು ಹತ್ತಿದ್ರೆ ಮತ್ತೆ ಕವರ್ ಹಿಡ್ಕೊಂಡು ನನ್ನ ಬೆನ್ನೇ ನೋಡ್ತಾಳೆ. ವಾಂತಿ ಆಗೋದು ದೊಡ್ಡದಲ್ಲ ಕಣೋ. ಅವಳಿಗೆ ತಿಮಿಂಗಿಲ ತಪ್ಪಿ ಹೋಗುತ್ತಲ್ಲ, ಅದೇ ಸಂಕಟ."

ಹಾಳೆಯಲ್ಲಿದ್ದ ದೋಣಿಯವರ ನಂಬರನ್ನು ಮೆಲ್ಲಗೆ ಗೀಚಿಟ್ಟುಕೊಂಡೆ. ಭಾವ ಅತ್ತ ಹೋದದ್ದೇ ಇತ್ತ ಫೋನ್ ಮಾಡಿದೆ. ಎತ್ತಿದ್ದು ದೋಣಿ ನಡೆಸುವ ಹೆಂಗಸೇ. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಬಸ್ ಓಡಿಸುವಾಗ ಅವರಿಗೆ ಯಾವತ್ತಾದ್ರೂ ಹೀಗಾಗಿದ್ಯಾ?"

"ಇಲ್ಲವೇ ಇಲ್ಲ."

"ಹಾಗಾದ್ರೆ ಕ್ಯಾಬಿನ್ನಲ್ಲಿ ನನ್ನ ಪಕ್ಕ ನಿಲ್ಲಿಸಿ. ಮುಂದೆ ಏನು ಬರುತ್ತೆ ಅಂತ ಕಾಣ್ತಿದ್ರೆ ಹೊಟ್ಟೆ ಅಷ್ಟು ತೊಳಸಲ್ಲ."

ಭಾವನನ್ನು ಒಪ್ಪಿಸಲು ನನಗೆ ಸಾಕುಸಾಕಾಯಿತು.

ಆ ದಿನ ಕಾರನ್ನು ಅವರೇ ಓಡಿಸಿಕೊಂಡು ಬಂದರು, ಅವರೇ ದೋಣಿಯನ್ನೂ ಹತ್ತಿದರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಳು, ಮಡಿಲಲ್ಲಿ ಕವರ್ ಇಟ್ಟುಕೊಂಡೇ ಕೂತಳು. ಎರಡು ನಿಮಿಷಕ್ಕೊಮ್ಮೆ ತಿರುಗಿ ಕ್ಯಾಬಿನ್ನಿನ ಗಾಜಿನತ್ತ ನೋಡುವಳು. ನಾನು ಕ್ಯಾಬಿನ್ ಬಾಗಿಲಿಗೆ ಒರಗಿ ನಿಂತೆ. ಮೊದಲ ದೊಡ್ಡ ಅಲೆಗೇ ಭಾವನ ಮುಖ ಬಿಳಿಚಿಕೊಂಡಿತು. ಅಕ್ಕ ಎದ್ದೇ ಬಿಟ್ಟಳು. ನನಗೆ ಜೀವ ಬಾಯಿಗೆ ಬಂತು.

"ಅಣ್ಣಾ, ನೆಲ ನೋಡ್ಬೇಡಿ, ಮುಂದೆ ನೋಡಿ," ಎಂದಳು ಚುಕ್ಕಾಣಿಯ ಹೆಂಗಸು. "ಎಡಗಡೆಯಿಂದ ಅಲೆ ಬರ್ತಿದೆ. ಯಾವಾಗ ತಾಗುತ್ತೆ, ಹೇಳಿ?"

"ಈಗ... ಇಲ್ಲ, ಈಗ ಬಂತು," ಎಂದರು ಭಾವ ಹಲ್ಲು ಕಚ್ಚಿಕೊಂಡು. ಇನ್ನೊಂದು ಅಲೆ ಬಂತು, ಮತ್ತೊಂದು ಬಂತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ಅಕ್ಕ ಮೆಲ್ಲನೆ ಕೂತಳು.

ಇದ್ದಕ್ಕಿದ್ದಂತೆ ಭಾವ ಬಲಗಾಲನ್ನು ಹಲಗೆಗೆ ಒತ್ತಿದರು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು! "ನಿಲ್ಸಿ, ನಿಲ್ಸಿ! ಬಲಗಡೆ, ದೂರದಲ್ಲಿ, ಯಾರೋ ಕೈ ಎತ್ತಿದ್ದಾರೆ!"

ಅದು ತಿಮಿಂಗಿಲದ ಉಸಿರು, ನೀರಿನ ಮೇಲೆ ನೆಟ್ಟಗೆ ಎದ್ದಿದ್ದ ಬಿಳಿ ಹಬೆ. ದೋಣಿಯ ಹೆಂಗಸಿಗೂ ಕಂಡಿರಲಿಲ್ಲ. ಅವಳು ಇಂಜಿನ್ ನಿಲ್ಲಿಸಿದಳು. ನಮ್ಮಕ್ಕನ ಹಣೆಬರಹ ನೋಡಿ, ಸರಿಯಾಗಿ ಅದೇ ಹೊತ್ತಿಗೆ ಹಿಂದೆ ತಿರುಗಿ ಗಂಡನ ಮುಖ ನೋಡುತ್ತಿದ್ದಾಳೆ!

"ನನ್ನನ್ನಲ್ಲ ಕಣೇ, ಅಲ್ಲಿ ನೋಡು!" ಎಂದು ಭಾವ ದೋಣಿಯೇ ಅದುರುವಂತೆ ಕಿರುಚಿದರು.

ಅವಳು ತಿರುಗುವುದಕ್ಕೂ ಬಾಲ ಮೇಲೇಳುವುದಕ್ಕೂ ಸರಿಹೋಯಿತು. ಎಷ್ಟು ದೊಡ್ಡ ಬಾಲ, ಎಷ್ಟು ನಿಧಾನ! ಮಡಿಲಿನ ಕವರ್ ಗಾಳಿಗೆ ಜಾರಿ ಕಾಲಡಿ ಬಿದ್ದರೂ ಅಕ್ಕನಿಗೆ ಪರಿವೆಯಿಲ್ಲ. ಬಾಲ ಮುಳುಗಿದ ಮೇಲೂ ಆ ಜಾಗವನ್ನೇ ನೋಡುತ್ತಿದ್ದಳು. ನನಗೆ ಹೋದ ಜೀವ ಬಂದಂತಾಯಿತು. ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

ಹಿಂತಿರುಗುವಾಗ ಭಾವ ಕಾರಿನ ಕೀಲಿ ನನ್ನ ಕೈಗೆ ಹಾಕಿದರು. "ಇಷ್ಟು ವರ್ಷ ನಾನು ಮುಂದೆ, ಅವಳು ಹಿಂದೆ. ಇವತ್ತು ಅವಳ ಪಕ್ಕ ಕೂತ್ಕೋತೀನಿ. ಸಮುದ್ರಾನೇ ಗೆದ್ದಿದೀನಿ, ಕಾರು ಯಾವ ಲೆಕ್ಕ!"

ಐದನೇ ಕಿಲೋಮೀಟರಿಗೆ ಹಿಂದಿನಿಂದ ಕ್ಷೀಣ ದನಿ ಕೇಳಿತು. "ಲೋ... ನಿಲ್ಸು."

ಅಕ್ಕ ಆಗಲೇ ಕವರ್ ಬಿಡಿಸಿ ಹಿಡಿದಿದ್ದಳು. ಒಂದು ಕೈಯಲ್ಲಿ ಬೆನ್ನು ನೀವುತ್ತ, ನಗು ತಡೆಯಲಾರದೆ ಹೇಳಿದಳು: "ಈಗ ಎಷ್ಟು ಬೇಕಾದ್ರೂ ಮಾಡ್ಕೊಳ್ಳಿ ರೀ. ನಾನು ನೋಡಾಯ್ತು."