ಅಪ್ಪನ ಜೀ

ನಮ್ಮಪ್ಪ ಅರ್ಧ ಆಯುಷ್ಯವನ್ನು ಒಂದೇ ಅಕ್ಷರ ಹಾಡಿ ಕಳೆದವನು. ಆ ಅಕ್ಷರ 'ಜೀ'. ಗೀಗೀ ಪದದ ಮೇಳದಲ್ಲಿ ಮುಂದೆ ನಿಂತವರು ದಪ್ಪು ಬಡಿಯುತ್ತ ಸಾಲು ಹಾಡುತ್ತಾರೆ. ಸಾಲಿನ ತುದಿಗೆ ಬಂದು ಅವರ ಉಸಿರು ಮುಗಿಯುವ ಹೊತ್ತಿಗೆ ಹಿಂದೆ ನಿಂತವರು 'ಜೀ...' ಎಂದು ಎಳೆದು ಅದನ್ನು ಬೀಳದ ಹಾಗೆ ಹಿಡಿಯುತ್ತಾರೆ. ಹಿಮ್ಮೇಳ ಅಂದರೆ ಇಷ್ಟೇ. ನಮ್ಮ ಸೀಮೆಯಲ್ಲಿ ಈ ಮೇಳಗಳದ್ದು ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡಿ ಅವರ ನೀರಿಳಿಸುತ್ತಾರೆ. ನಮ್ಮದು ನಾಗೇಶಿ. ಮುಂದೆ ಅವ್ವ, ಹಿಂದೆ ಒಂಟಿ ತಂತಿಯ ತುಂತುಣಿ ಹಿಡಿದ ಅಪ್ಪ.

ದೇವಣಗಾಂವ, ಇಂಗಳೇಶ್ವರ, ಇಂಡಿ ಕಡೆಯ ಹಳ್ಳಿಗಳು, ಎಲ್ಲಿ ಕರೆದರೂ ಇಬ್ಬರೂ ಬಸ್ಸು ಹತ್ತುತ್ತಿದ್ದರು. ಹಾಡಿನ ನಡುವೆ ಗಂಟಲು ಒಣಗಿದರೆ ಅವ್ವ ಹಿಂದೆ ತಿರುಗುತ್ತಲೂ ಇರಲಿಲ್ಲ, ಸುಮ್ಮನೆ ಕೈ ಹಿಂದಕ್ಕೆ ಚಾಚುತ್ತಿದ್ದಳು. ನೀರಿನ ತಂಬಿಗೆ ಆ ಕೈಗೆ ಬರುತ್ತಿತ್ತು. ಕೊಡುವವನು ಅಪ್ಪ.

ಅವ್ವನನ್ನು ಅಪ್ಪ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದವಳೇ ಅಲ್ಲ. ಮನೆಯಲ್ಲೂ ಅವ್ವ ಏನು ಕೇಳಿದರೂ ಅವನದು ಅದೇ ಹಿಮ್ಮೇಳ.

"ನೀರ ತುಂಬಿದ್ರೇನು?"

"ಜೀ."

"ಹಿಟ್ಟ ಬೀಸ್ಕೊಂಡ ಬಂದ್ರೇನು?"

"ಜೀ."

ಹಿಟ್ಟಿನ ಡಬ್ಬಿ ಗಿರಣಿಯಲ್ಲೇ ಉಳಿದಿರುತ್ತಿತ್ತು. "ಇವರ ಜೀ ನಂಬಿ ಕುಂತ್ರ ಉಪಾಸಾನ ಗತಿ" ಎಂದು ಅವ್ವ ಬೈದರೆ ಅದಕ್ಕೂ ಜೀ. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಗುತ್ತಿತ್ತು.

ಅವ್ವ ಕಾಮಾಲೆಯಾಗಿ ಹೋದಳು. ಅವಳನ್ನು ಮಣ್ಣು ಮಾಡಿ ಬಂದ ದಿನದಿಂದ ಅಪ್ಪನ ಬಾಯಲ್ಲಿ ಜೀ ಇಲ್ಲ. ಏನು ಕೇಳಿದರೂ 'ಹೂಂ'. ಉಂಡೆಯಾ? ಹೂಂ. ಮಲಗುತ್ತೀಯಾ? ಹೂಂ. ತುಂತುಣಿ ಗೂಟಕ್ಕೆ ನೇತಾಡತೊಡಗಿತು. ಬೇರೆ ಮೇಳದವರು ಕರೆಯಲು ಬಂದರೆ, "ನನಗ ಹಾಡಾಕ ಬರೂದಿಲ್ರಿ" ಅಂದುಬಿಟ್ಟ. ಬರೂದಿಲ್ಲವಂತೆ! ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಅವ್ವನನ್ನಂತೂ ಕಳೆದುಕೊಂಡಿದ್ದೆ. ಅಪ್ಪನೂ ಹೀಗೆ ಹೂಂಗುಟ್ಟುತ್ತ ಕಣ್ಣೆದುರೇ ಸವೆದುಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆ ಒಂದಕ್ಷರ ಅವನ ಬಾಯಿಗೆ ತಿರುಗಿ ಬರಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ.

ನಾನು ಹಾಡುವ ನಮೂನೆ ಬೇರೆ. ಅದಕ್ಕೆ ಹಾರ್ಡ್‌ಕೋರ್ ಪಂಕ್ ಅನ್ನುತ್ತಾರೆ. ಹಗಲೆಲ್ಲ ಸಿಂದಗಿಯ ಕೋರ್ಟಿನ ಎದುರು ನನ್ನ ಜೆರಾಕ್ಸ್ ಅಂಗಡಿ. ಸಂಜೆಗೆ ಬಸವನ ಬಾಗೇವಾಡಿ ರಸ್ತೆಯ ಒಂದು ಖಾಲಿ ಹತ್ತಿ ಗೋದಾಮಿನಲ್ಲಿ ಗಿಟಾರಿನವನು, ಡ್ರಮ್ಮಿನವನು, ನಾನು. ಗಂಟಲು ಹರಿಯುವಂತೆ ಕೂಗಬೇಕು, ಕೇಳುವವರು ಕಣ್ಣು ಪಿಳುಕಿಸುವುದರೊಳಗೆ ಹಾಡು ಮುಗಿಸಬೇಕು. ಒಮ್ಮೆ ಯಂಕಂಚಿಯ ನಮ್ಮ ಮನೆಯಲ್ಲೇ ತಾಲೀಮು ಮಾಡುತ್ತಿದ್ದಾಗ ಪಕ್ಕದ ಮನೆಯ ಕಾಕು ಓಡಿ ಬಂದಳು.

"ಯಾರಿಗೇನಾತಬೇ ಯವ್ವಾ?"

"ಏನಿಲ್ರಿ ಕಾಕು, ಹಾಡಾಕತ್ತೇನಿ."

"ಅಯ್ಯ ಶಿವನ! ಅಂಥಾ ಅವ್ವನ ಹೊಟ್ಟ್ಯಾಗ ಹುಟ್ಟಿ ಹಿಂಗ್ಯಾಕ ಒದರತಿ?"

ಕಾಕುಗೆ ಏನು ಹೇಳಲಿ? ಅವ್ವನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೇ ಒದರುತ್ತಿದ್ದೆ. ಎದುರಿನವರನ್ನು ಕೆಣಕಿ ಬೈದು ಹಾಡುವುದು ನಾಗೇಶಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಪಂಕ್‌ನಲ್ಲೂ ಒಬ್ಬರು ಸಾಲು ಕೂಗಿದರೆ ಹಿಂದಿನವರೆಲ್ಲ ಸೇರಿ ಅದರ ತುದಿ ಹಿಡಿದು ಕೂಗುತ್ತಾರೆ. ಅದು ಹಿಮ್ಮೇಳವಲ್ಲದೆ ಮತ್ತೇನು?

ನಮ್ಮ ಮೊದಲ ಆಲ್ಬಮ್ಮಿನ ಹಾಡುಗಳಿಗೆಲ್ಲ ಮಾತು ನನ್ನದು, ಧಾಟಿ ಅವ್ವನದು. ಅವ್ವ ಎದುರು ಮೇಳಕ್ಕೆ ಹಾಕುತ್ತಿದ್ದ ಸವಾಲಿನ ಧಾಟಿಗಳನ್ನು ಗಿಟಾರಿನವನು ತಿರುವಿ, ಮುರಿದು, ಕೇಳಿದವರ ಬಾಯಲ್ಲಿ ಉಳಿಯುವಂಥ ಹೊಸ ರಾಗ ಕಟ್ಟಿದ್ದ. ಕೆಳಗೆ ಡ್ರಮ್ಮು ಬಿಟ್ಟೂಬಿಡದೆ ಓಡುತ್ತಿತ್ತು. ಎಲ್ಲ ಆಗಿತ್ತು, ಜೀ ಒಂದು ಬಿಟ್ಟು. "ನಾವ ಕೂಗಿ ತುಂಬೂಣಲ್ಲ ಅಕ್ಕಾ" ಎಂದ ಗಿಟಾರಿನವನು. ನಾನು ಸುತಾರಾಂ ಒಪ್ಪಲಿಲ್ಲ.

ಗಿಟಾರಿನವನ, ಡ್ರಮ್ಮಿನವನ ಜೊತೆ ಅಪ್ಪನನ್ನೂ ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಭಜನೆ, ಜಾನಪದ ಹಾಡು ರೆಕಾರ್ಡ್ ಮಾಡುವ ಒಂದು ಸಣ್ಣ ಸ್ಟುಡಿಯೊ ಇದೆ. "ನೀ ಸುಮ್ನ ಜೀ ಅಂದ್ರ ಸಾಕು, ಬರ್ತೀಯಿಲ್ಲ?" ಎಂದು ಕೇಳಿದಾಗ "ಹೂಂ" ಅಂದಿದ್ದ. ನಮ್ಮ ಹಾಡುಗಾರಿಕೆ ಮೊದಲೇ ರೆಕಾರ್ಡ್ ಆಗಿತ್ತು. ಅಪ್ಪನನ್ನು ಗಾಜಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಹಾಡು ಬಿಟ್ಟರು. ನನ್ನ ಸಾಲು ಬಂದು ಹೋಯಿತು. ಅಪ್ಪ ಬಾಯಿ ತೆರೆದ, ಮುಚ್ಚಿದ. ಮತ್ತೆ ಬಿಟ್ಟರು, ಮತ್ತೆ ಅದೇ ಕತೆ. ಕೊನೆಗೊಮ್ಮೆ ಒಂದು ದನಿ ಬಂತು. ಕೇಳಿದರೆ ಅದು 'ಹೂಂ'.

ನನ್ನ ತಲೆ ಕೆಟ್ಟಿತು. ಬಾಗಿಲು ತೆಗೆದು ಒಳಗೆ ಹೋದೆ. "ಅಪ್ಪಾ, ಇರೂದ ಒಂದ ಅಕ್ಷರ! ಅದನ್ನ ಅನ್ನಾಕ ಏನ್ ಧಾಡಿ ನಿನಗ?"

ಅಪ್ಪ ಹೆಡ್‌ಫೋನ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬೆನ್ನ ಕಾಣವಲ್ತ ಯವ್ವಾ."

"ಯಾರ ಬೆನ್ನ?"

"ಹಾಡಾಕಿ ಬೆನ್ನ. ನಿಮ್ಮವ್ವಗ ಉಸರ ಮುಗೀತಂದ್ರ ಬಲಗಡಿ ಹೆಗಲ ಒಂದೀಟ ಮ್ಯಾಲ ಏಳತಿತ್ತು. ಅದನ್ನ ನೋಡಿ ಅಂತಿದ್ದೆ. ಇಲ್ಲಿ ಬರೇ ಗ್ವಾಡಿ ಐತಿ. ಗ್ವಾಡಿಗೇನ್ ಜೀ ಅನ್ಲಿ?"

ಊರೂರಿನ ಜನ ಅವ್ವನ ಮುಖ ನೋಡಿದ್ದರು. ಅವಳು ಹಾಡುವಾಗ ಅಪ್ಪ ನೋಡಿದ್ದು ಬೆನ್ನು ಮಾತ್ರ.

ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಹಾಡನ್ನು ಹೊಸದಾಗಿ ಹಾಡುವುದು ಎಂದೆ. ಸ್ಟುಡಿಯೊದವನು ತಲೆ ಕೆರೆದುಕೊಂಡ. "ಎಲ್ಲಾ ದನಿ ಕಲಸ್ತಾವ್ರಿ ಅಕ್ಕಾರ, ಸ್ವಚ್ಛ ಬರೂದಿಲ್ಲ."

"ಕಲಸ್ಲಿ ಬಿಡ್ರಿ."

ಅವ್ವನ ಸೀರೆ ಉಟ್ಟು ನಿಲ್ಲುವ ನಾಟಕವನ್ನೇನೂ ಮಾಡಲಿಲ್ಲ. ಮೈಮೇಲೆ ಅದೇ ಕರಿ ಟೀ ಶರ್ಟು, ಜೀನ್ಸು. ಅಪ್ಪನ ಮುಂದೆ ಹೋಗಿ ಅವನಿಗೆ ಬೆನ್ನು ಮಾಡಿ ನಿಂತೆ. ಡ್ರಮ್ಮು ಶುರುವಾಯಿತು. ಮೊದಲ ಸಾಲು ಕೂಗಿದೆ, ಹಿಂದೆ ಏನೂ ಇಲ್ಲ. ಮುಂದಿನದನ್ನೂ ಕೂಗಿದೆ, ಏನೂ ಇಲ್ಲ. ನಿಲ್ಲಿಸಬಾರದು ಅಂತ ಹಲ್ಲು ಕಚ್ಚಿ ಮತ್ತೊಂದು ಸಾಲು ಎತ್ತಿದೆ. ಅದು ಉದ್ದನೆಯ ಸಾಲು, ತುದಿ ಮುಟ್ಟುವ ಮೊದಲೇ ನನ್ನ ಉಸಿರು ಖಾಲಿಯಾಯಿತು. ದನಿ ಇನ್ನೇನು ಒಡೆಯಬೇಕು, ಆಗ ಹಿಂದಿನಿಂದ ಬಂತು.

ಜೀ...

ನನ್ನ ಬಲಗಡೆಯ ಹೆಗಲು ಮೇಲೆದ್ದಿತ್ತು ಎಂದು ಗಿಟಾರಿನವನು ಆಮೇಲೆ ಹೇಳಿದ. ನನಗದು ಗೊತ್ತೇ ಇರಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಒಂದು ಸಾಲನ್ನೂ ಬೀಳಲು ಬಿಡಲಿಲ್ಲ. ನಾನು ಕೂಗಿದೆ, ಅತ್ತೆ, ಅಳುತ್ತಲೇ ಕೂಗಿದೆ. ಆಲ್ಬಮ್ಮಿನಲ್ಲಿ ಅದು ಹಾಗೆಯೇ ಇದೆ.

ಹಾಡು ಮುಗಿದು ಗಿಟಾರು ನಿಂತಿತು. ಡ್ರಮ್ಮೂ ನಿಂತಿತು. ಅಪ್ಪನ ಕೊನೆಯ ಜೀ ಮಾತ್ರ ಆ ಸಣ್ಣ ಕೋಣೆಯಲ್ಲಿ ಎಷ್ಟೋ ಹೊತ್ತು ಉಳಿಯಿತು. ಆಮೇಲೆ ಹಿಂದಿನಿಂದ ಮೆಲ್ಲಗೆ ಒಂದು ಹೆಸರು ಕೇಳಿಸಿತು. ನನ್ನದಲ್ಲ, ಅವ್ವನದು.

"ನೀರ ಕುಡೀತೀಯೇನ?"

ನಾನು ಕೈಯನ್ನಷ್ಟೇ ಹಿಂದಕ್ಕೆ ಚಾಚಿದೆ. ತಿರುಗಿದ್ದರೆ ಅವನಿಗೆ ನನ್ನ ಮುಖ ಕಾಣುತ್ತಿತ್ತು.