ಖಡಕ್ ರೊಟ್ಟಿಯ ಗಂಟು

ನಾನು ಚಿಕ್ಕವನಿದ್ದಾಗ, ಮನೆಯಿಂದ ಹೊರಟವರನ್ನು "ಎಲ್ಲಿಗೆ?" ಎಂದು ಕೇಳುವಂತಿರಲಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ದೊಡ್ಡವರ ನಂಬಿಕೆ. ಕೇಳಿದವರ ಬೆನ್ನಿಗೆ ಒಂದು ಗುದ್ದು ಖಾತ್ರಿ. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡು ಬುತ್ತಿ ನೋಡುತ್ತಿದ್ದೆ. ಮೆತ್ತನೆಯ ರೊಟ್ಟಿ, ಪಲ್ಯ, ಮೊಸರು ಕಟ್ಟಿದರೆ ಹೊತ್ತು ಮುಳುಗುವುದರೊಳಗೆ ವಾಪಸು. ಎಣ್ಣೆ ಹಚ್ಚಿದ ಚಪಾತಿ ಇದ್ದರೆ ಒಂದು ರಾತ್ರಿ ಬೇರೆ ಊರಲ್ಲಿ. ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಪುಡಿ ಕಟ್ಟಿದರೋ, ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ ಎಂದೇ ಅರ್ಥ. ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ನಮ್ಮೂರು ಶಹಾಪುರದ ಹತ್ತಿರದ ಗೋಗಿ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ನನಗಾಗ ಎಂಟು ವರ್ಷ. ಮಳೆಗಾಲ ಶುರುವಾಗಿ ಹದಿನೈದು ದಿನ ಆಗಿರಬೇಕು. ಒಂದು ಸಂಜೆ ಅಪ್ಪ ಇದ್ದಕ್ಕಿದ್ದಂತೆ, "ನಾಳಿ ಎಲ್ಲಾರೂ ಬೋನಾಳ ಕೆರಿಗೆ ಹೋಗಿ ಹಕ್ಕಿ ನೋಡಿಕೊಂಡು ಬರಮು," ಎಂದ. ನನ್ನ ಕಿವಿ ನೆಟ್ಟಗಾಯಿತು. ಅಪ್ಪ ಹಕ್ಕಿ ನೋಡುವುದೇ? ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ಮನುಷ್ಯ, ಅದೂ ಬಿತ್ತನೆಯ ಕಾಲದಲ್ಲಿ ಕೆಲಸ ಬಿಟ್ಟು, ಬಸ್ಸು ಹತ್ತಿ ಸುರಪುರ ದಾಟಿ ಹೋಗಿ ಹಕ್ಕಿ ನೋಡುತ್ತಾನಂತೆ! ಏನೋ ಇದೆ ಎಂದುಕೊಂಡೆ.

ನಸುಕಿನಲ್ಲಿ ರೊಟ್ಟಿ ತಟ್ಟುವ ಸಪ್ಪಳಕ್ಕೆ ಎಚ್ಚರವಾಯಿತು. ಕಂಬಳಿಯೊಳಗಿಂದಲೇ ಒಂದು ಕಣ್ಣು ತೆರೆದು ಅಡುಗೆಮನೆ ನೋಡಿದೆ. ಮೆತ್ತನೆಯ ರೊಟ್ಟಿ ಬಟ್ಟೆಯೊಳಗೆ ಬೆಚ್ಚಗೆ ಮಲಗಿದ್ದವು. ಎಣ್ಣೆಗಾಯಿ ಬದನೆಕಾಯಿಯ ವಾಸನೆಗೆ ಹೊಟ್ಟೆ ಚುರ್ ಎಂದಿತು. ಆದರೆ ಒಲೆಯ ಸುತ್ತ ಇನ್ನೊಂದಿಷ್ಟು ರೊಟ್ಟಿ ಬೆಂಕಿಯ ಝಳಕ್ಕೆ ಮುಖ ಕೊಟ್ಟು ಒಣಗುತ್ತಾ ನಿಂತಿದ್ದವು. ಖಡಕ್ ರೊಟ್ಟಿ! ಒಂದು ದಿನದ ತಿರುಗಾಟಕ್ಕೆ ಖಡಕ್ ರೊಟ್ಟಿ ಯಾಕೆ? ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕವ್ವಾ ಎಂದೆ. "ಹೊಗಿ ಬ್ಯಾಟಾ, ಹೊಗಿ," ಎಂದಳು. ಒಲೆಯಲ್ಲಿ ಹೊಗೆಯೇ ಇರಲಿಲ್ಲ, ಕಟ್ಟಿಗೆ ನಿಗಿನಿಗಿ ಉರಿಯುತ್ತಿತ್ತು.

ಅಕ್ಕನಂತೂ ತನ್ನ ಬಟ್ಟಲಿನ ಕೆನೆ ತೆಗೆದು ನನಗೆ ಹಾಕಿದಳು. ಕೆನೆಗಾಗಿ ನನ್ನ ಜುಟ್ಟು ಹಿಡಿದು ಜಗಳಾಡುವ ಅಕ್ಕ! ಆಗ ನನಗೆ ಎಲ್ಲ ತಿಳಿದುಹೋಯಿತು. ಹಿಂದಿನ ವರ್ಷ ಪಕ್ಕದ ಓಣಿಯ ಹುಡುಗನಿಗೆ ಅವರವ್ವ ಹೀಗೆಯೇ ಖಡಕ್ ರೊಟ್ಟಿ ಕಟ್ಟಿದ್ದಳು. ಅವನನ್ನು ಹಾಸ್ಟೆಲಿಗೆ ಹಾಕಿದರು. ದಸರೆಗೆ ಬಂದಾಗ ಅವನ ಮುಖ ಒಣಗಿದ ಬದನೆಕಾಯಿ ಆಗಿತ್ತು. ನಾನು ಶಾಲೆ ತಪ್ಪಿಸಿ ಜೋಳದ ಕಣಿಕೆಯ ಬಣವೆಯಲ್ಲಿ ಅಡಗಿ ಕುಳಿತು ಸಿಕ್ಕಿಬಿದ್ದು ವಾರವೂ ಆಗಿರಲಿಲ್ಲ. ಅವತ್ತು ಅಪ್ಪ, "ಇವನ್ನ ಒಯ್ದು ಹಾಸ್ಟೆಲಿಗೆ ಒಗಿತೀನಿ ನೋಡು," ಎಂದು ಗುಡುಗಿದ್ದ. ಹಕ್ಕಿ ತೋರಿಸುವುದು ನೆಪ, ನನ್ನನ್ನು ಬಿಟ್ಟು ಬರುವುದೇ ಕೆಲಸ.

ಆಮೇಲೆ ನೋಡಿದ್ದೆಲ್ಲ ಅದಕ್ಕೇ ಸಾಕ್ಷಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅಂತಾರಲ್ಲ, ಹಾಗೆ. ಜಮಖಾನೆಯ ಸುರುಳಿ ನಡುವೆ ಉಬ್ಬಿತ್ತು. ಒಳಗೆ ನನ್ನ ಅಂಗಿ ಚಡ್ಡಿಗಳೇ ಇರಬೇಕು. ಕಟ್ಟೆಯ ಮೇಲೆ ಕುಳಿತ ನೆರೆಮನೆಯಾಕೆ, "ಏನ್ರೀ, ಮನಿಮಂದಿ ಎಲ್ಲಾ ಹೊಂಟೀರಿ?" ಎಂದಳು. ಅವ್ವ ಬುತ್ತಿಯ ಗಂಟು ಎತ್ತಿ ತೋರಿಸಿ, "ಕೆರಿಗ್ರಿ. ಅಲ್ಲೇ ಉಂಡು ಬರ್ತೀವಿ," ಎಂದಳು. ತೋರಿಸಿದ್ದು ಮೆತ್ತನೆಯ ರೊಟ್ಟಿಯ ಗಂಟು. ಖಡಕ್ ರೊಟ್ಟಿಯದು ಸೆರಗಿನ ಮರೆಯಲ್ಲಿತ್ತು.

ಬಸ್ಸಿನಲ್ಲಿ ನಾನು ಕಿಟಕಿಗೂ ಜಗಳಾಡಲಿಲ್ಲ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧ ಆರಾಮಾಗಿ ಕಣ್ಣು ಮುಚ್ಚಿಕೊಂಡಿದ್ದ. ನಾನು ರೆಪ್ಪೆ ಮುಚ್ಚದೆ ಅಪ್ಪನ ಮುಖ ಕಾಯುತ್ತಿದ್ದೆ. ಸುರಪುರದ ನಿಲ್ದಾಣದಲ್ಲಿ ಅಪ್ಪ ಯಾರೋ ಪರಿಚಯದವರನ್ನು ಪಕ್ಕಕ್ಕೆ ಕರೆದ. ನಾನು ಚಪ್ಪಲಿ ಸರಿಮಾಡುವವನಂತೆ ಬಗ್ಗಿ ಕಿವಿ ಕೊಟ್ಟೆ. "ಸಂಜಿಗೆ ಬರ್ತೀವ್ರಿ. ಬಿಟ್ಟು ಆಖ್ರಿ ಬಸ್ಸಿಗೆ ಹೋಗ್ತೀವಿ," ಎಂದ ಅಪ್ಪ. ಮಕ್ಕಳೇ, ಅಷ್ಟು ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಬೋನಾಳ ಕೆರೆ ತುಂಬಿತ್ತು. ದಂಡೆಯ ಹುಲ್ಲು ಒದ್ದೆಯಾಗಿತ್ತು, ಕೆಸರಿನ ವಾಸನೆ, ಬಿಸಿಲು ಮೋಡದ ಕಣ್ಣಾಮುಚ್ಚಾಲೆ. ನೀರಿನ ಮೇಲೆ ಬಾತುಗಳು, ಜೊಂಡಿನೊಳಗೆ ಉದ್ದ ಕಾಲಿನ ನೇರಳೆ ಬಣ್ಣದ ಕೋಳಿಗಳು. ಸ್ವಲ್ಪ ದೂರದಲ್ಲಿ ಮುದುಕನೊಬ್ಬ ಮೀನಿನ ಬಲೆ ಬಿಡಿಸುತ್ತಾ ಕುಳಿತಿದ್ದ. ಅಪ್ಪ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ, ಒಳಗಿದ್ದ ಬಟ್ಟೆಯ ಗಂಟನ್ನು ಬಿಚ್ಚದೆಯೇ ತಲೆದಿಂಬು ಮಾಡಿ, ಟವಲು ಮುಖಕ್ಕೆ ಹಾಕಿಕೊಂಡು ಅಡ್ಡಾದ. ಹಕ್ಕಿಯ ಕಡೆ ಒಂದು ಸಲವೂ ನೋಡಲಿಲ್ಲ. ಅವ್ವ, ಅಕ್ಕ ಕೈಕಾಲು ತೊಳೆಯಲು ಹೋಗಿ ಅಲ್ಲೇ ತಲೆಗೆ ತಲೆ ಹಚ್ಚಿ ಪಿಸುಗುಟ್ಟತೊಡಗಿದರು.

ರೊಟ್ಟಿ ಇಲ್ಲದಿದ್ದರೆ ನನ್ನನ್ನು ಹೇಗೆ ಬಿಟ್ಟು ಹೋಗುತ್ತಾರೆ? ಇದು ಹೊಳೆದದ್ದೇ ತಡ, ಖಡಕ್ ರೊಟ್ಟಿಯ ಗಂಟು ಎತ್ತಿಕೊಂಡು ಜೊಂಡಿನ ಹಿಂದೆ ಓಡಿದೆ. ಒಂದೊಂದೇ ರೊಟ್ಟಿ ಪಟಪಟ ಮುರಿದು ನೀರಿಗೆ ಎಸೆದೆ. ಬಾತುಗಳು ಒಂದರ ಮೇಲೊಂದು ಬಿದ್ದು ಬಂದವು. ಶೇಂಗಾ ಹಿಂಡಿಯನ್ನೂ ಸುರಿದೆ, ನೀರು ಕೆಂಪಾಯಿತು. ಬಟ್ಟೆಯನ್ನು ಜೊಂಡಿಗೆ ತುರುಕಿ, ಕೈ ತೊಳೆದು, ಸಾಧುವಿನ ಹಾಗೆ ಬಂದು ಕುಳಿತೆ.

ಉಣ್ಣಲು ಕುಳಿತಾಗ ಅವ್ವ ಎಡಗಡೆ ನೋಡಿದಳು, ಬಲಗಡೆ ನೋಡಿದಳು. "ಖಡಕ್ ರೊಟ್ಟಿ ಗಂಟು ಎಲ್ಲೈತಿ?" ಅಕ್ಕನ ಮುಖ ಬಿಳಿಚಿತು. ಅಪ್ಪ ಎದ್ದು ಕುಳಿತು ಸುತ್ತ ಕಣ್ಣಾಡಿಸಿದ. ಅಲ್ಲಿದ್ದವನು ಮುದುಕ ಒಬ್ಬನೇ.

"ಏ ಯಜಮಾನ, ನಮ್ಮ ಗಂಟು ಎತ್ತೀಯೇನು?" ಅಪ್ಪನ ದನಿ ಜೋರಾಗಿತ್ತು.

ಮುದುಕ ಬಲೆ ಕೆಳಗಿಟ್ಟ. "ಬಡವ ಅದೀನ್ರಿ, ಕಳ್ಳ ಅಲ್ಲ. ಆ ಹಕ್ಕಿಗೋಳು ಅಲ್ಯಾಕ ಮುಕುರ್‍ಯಾವ, ಜರಾ ನೋಡ್ರಿ. ನಿಮ್ಮ ಹುಡುಗ ರೊಟ್ಟಿ ಹಾಕಾಕತ್ತಿತ್ತು. ನೀವೇ ಹೇಳಿ ಕಳಿಸೀರಿ ಅಂತ ಸುಮ್ಮನ ಕುಂತಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಯೆರಡೂ ಬೆನ್ನ ಹಿಂದೆ ಅಡಗಿಸಿದೆ. ಅಪ್ಪ ಮುದುಕನಿಗೆ ಕೈ ಮುಗಿದು, "ತಪ್ಪಾತು ಯಪ್ಪಾ," ಎಂದ. ಆಮೇಲೆ ನನ್ನ ಕಡೆ ತಿರುಗಿದ. ಏಟು ಬೀಳುವ ಮೊದಲೇ ನಾನು ಅರಚಿದೆ, "ನನ್ನ ಹಾಸ್ಟೆಲಿಗೆ ಬಿಡಬ್ಯಾಡ್ರಿ! ನಾ ಹೋಗಂಗಿಲ್ಲ! ದಿನಾ ಸಾಲಿಗೆ ಹೋಗ್ತೀನಿ!"

ಅಪ್ಪನ ಎತ್ತಿದ ಕೈ ಹಾಗೇ ಇಳಿಯಿತು. ಅಕ್ಕ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಹುಚ್ಚಪ್ಪಾ, ನೀ ಅಲ್ಲೋ. ನಾ ಹೊಂಟೀನಿ."

ಅಕ್ಕ ಶಾಲೆಯ ಅಕ್ಕೋರು ಆಗುವ ಟ್ರೇನಿಂಗಿಗೆ ಸೇರಿದ್ದಳು. ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದರು. ಮರುದಿನವೇ ತರಗತಿ ಶುರು. ಓಣಿಯವರಿಗೆ ಗೊತ್ತಾದರೆ "ಹೆಣ್ಣುಹುಡುಗಿನ್ನ ಒಬ್ಬಾಕಿನ್ನೇ ಬಿಡ್ತೀರೇನು?" ಎಂದು ತಲೆಗೊಂದು ಮಾತಾಡಿ ಅಪ್ಪನ ಮನಸ್ಸು ಕೆಡಿಸುತ್ತಾರೆಂದು ಅವ್ವ ಈ ಬುತ್ತಿಯ ಉಪಾಯ ಹೂಡಿದ್ದಳು. ನನಗೆ ಹೇಳಿದರೆ ಊರಿಗೇ ಡಂಗುರ ಸಾರಿದಂತೆ. ಜಮಖಾನೆಯೊಳಗೆ ಇದ್ದದ್ದು ಅಕ್ಕನ ಸೀರೆಗಳು. ಅಪ್ಪ, "ಕೆರಿ ಅಂತ ಹೇಳೀವಿ ಅಂದ್ರ ಕೆರಿಗೆ ಹೋಗಬೇಕು, ಸುಳ್ಳು ಆಗಬಾರ್ದು," ಎಂದು ಹಟ ಹಿಡಿದಿದ್ದನಂತೆ.

ಮೊದಲೇ ಅರೆಮನಸ್ಸಿನ ಅಪ್ಪನಿಗೆ ಈಗ ನೆಪ ಸಿಕ್ಕಿತು. "ಖೋಲ್ಯಾಗ ಒಲಿ ಇಲ್ಲ. ರೊಟ್ಟಿನೂ ಹೋದ್ವು. ಏನ್ ತಿಂತೀ? ಊರಿಗೆ ನಡಿ, ಮುಂದ ನೋಡಮು."

ಅಕ್ಕ ಅಲುಗಾಡಲಿಲ್ಲ. "ಒಮ್ಮಿ ಹೊಳ್ಳಿ ಬಂದ್ರ ನನ್ನ ಮತ್ತ ಯಾರೂ ಕಳಸಂಗಿಲ್ಲಪ್ಪ," ಎಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ. ಅಯ್ಯೋ, ನಾನು ಬಾತಿಗೆ ಹಾಕಿದ್ದು ಅಕ್ಕನ ಓದು ಎಂದು ಆಗ ಹೊಳೆಯಿತು.

ಅವ್ವ ಬಿಚ್ಚಿದ್ದ ಮೆತ್ತನೆಯ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿದಳು. ಪಲ್ಯದ ಡಬ್ಬಿಗೆ ಮುಚ್ಚಳ ಒತ್ತಿದಳು. ಎರಡನ್ನೂ ಅಕ್ಕನ ಮಡಿಲಿಗೆ ಇಟ್ಟು ಅಪ್ಪನನ್ನು ನೋಡಿದಳು. "ಎರಡು ದಿನಕ್ಕ ಇದು ಸಾಕು. ನಾಡಿದ್ದ ಮುಂಜಾನಿ ಬಸ್ಸಿಗೆ ಖಡಕ್ ರೊಟ್ಟಿ ಕಳಸ್ತೀನಿ. ಇವತ್ತ ನಾವು ಉಪಾಸ."

ಅಪ್ಪ ಬಹಳ ಹೊತ್ತು ಕೆರೆ ನೋಡಿದ. ಅವತ್ತು ಅವನು ಹಕ್ಕಿಗಳನ್ನು ನೋಡಿದ್ದು ಆಗಲೇ. ಕೊನೆಗೆ ಎದ್ದು ಜಮಖಾನೆ ಝಾಡಿಸಿ, "ಹೊತ್ತಾತು. ರಂಗಂಪೇಟಿಗೆ ನಡೀರಿ," ಎಂದ.

ಅಕ್ಕನನ್ನು ಖೋಲಿಯಲ್ಲಿ ಬಿಟ್ಟು, ರಾತ್ರಿಯ ಆಖ್ರಿ ಬಸ್ಸಿನಲ್ಲಿ ಮೂರು ಮಂದಿ ಖಾಲಿ ಹೊಟ್ಟೆಯಲ್ಲಿ ಬಂದೆವು. ನನ್ನ ಹೊಟ್ಟೆ ಗುರ್ ಎನ್ನುತ್ತಿತ್ತು, ಬಾಯಿ ಬಿಡಲಿಲ್ಲ. ಹೇಳಿದ ದಿನ ಅವ್ವ ರೊಟ್ಟಿಯ ಡಬ್ಬಿ ಕಟ್ಟಿದಳು. ಅದನ್ನು ಬಸ್ಸಿಗೆ ಒಯ್ದವನು ನಾನು. ಆಗ ಓದುವ ಮಕ್ಕಳ ಬುತ್ತಿ ಊರಿಂದ ಊರಿಗೆ ಬಸ್ಸಿನಲ್ಲೇ ಹೋಗುತ್ತಿತ್ತು. ಕಂಡಕ್ಟರನ ಮೇಲೂ ನನಗೆ ನಂಬಿಕೆ ಇಲ್ಲ. "ನೀವು ತಿನ್ನಂಗಿಲ್ಲಲ್ರಿ?" ಎಂದು ಕೇಳಿದೆ. ಅವನು ನಗುತ್ತಾ ಡಬ್ಬಿಯನ್ನು ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡ.

ವಾರದ ಮೇಲೆ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸು ಬಂತು. ನಮ್ಮ ಕಡೆ ಖಾಲಿ ಡಬ್ಬಿ ತಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ನಾನು ನಿಲ್ದಾಣದಲ್ಲೇ ಮುಚ್ಚಳ ತೆಗೆದೆ. ಒಳಗೆ ಅರ್ಧ ಖಡಕ್ ರೊಟ್ಟಿ, ಜೊತೆಗೆ ಒಂದು ಚೀಟಿ. "ತಮ್ಮಾ, ಅವತ್ತ ನೀನೂ ಉಪಾಸ ಹೋದಿ. ಇದು ನಿನ್ನ ಪಾಲು." ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಪೂರಾ ತಿಂದೆ.

ಈಗ ನೀವು ಕಾರು ಹತ್ತುವ ಮೊದಲೇ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ರಸ್ತೆ ಎಂಬುದೆಲ್ಲ ನಿಮ್ಮ ಫೋನಿನಲ್ಲಿ ಬಂದಿರುತ್ತದೆ. ಮೊನ್ನೆ ಬೋನಾಳಕ್ಕೆ ಹೋದಾಗ ಯಾದಗಿರಿಯ ಹೋಟೆಲಿನಿಂದ ಬಿರಿಯಾನಿ ಪಾರ್ಸಲ್ ತಂದಿರಿ, ಉಂಡು ಡಬ್ಬಿ ಕಸಕ್ಕೆ ಹಾಕಿದಿರಿ. ಬಿಸ್ಕಿಟಿನ ಪೊಟ್ಟಣ ತಿರುಗಿಸಿ ತಾರೀಖು ಓದಿಯೇ ಬಾಯಿಗಿಡುತ್ತೀರಿ. ಸಂಶಯದಲ್ಲಿ ನನ್ನ ಮೊಮ್ಮಕ್ಕಳೇ ಹೌದು, ಅದಕ್ಕೆ ಬೇಸರವಿಲ್ಲ. ಆದರೆ ಪೊಟ್ಟಣದ ಮೇಲಿನ ತಾರೀಖು ಓದಿದರೆ, ಅದನ್ನು ನಿಮಗಾಗಿ ಯಾರು ಹಸಿದು ಕಟ್ಟಿಕೊಟ್ಟರು ಎಂಬುದು ಗೊತ್ತಾಗುವುದಿಲ್ಲ.

ನಿಮ್ಮ ಶಾಲೆಯಲ್ಲಿ ಗೋಡೆಗೆ ಹಾಕಿದ ಹಳೆಯ ಗ್ರೂಪ್ ಫೋಟೋದಲ್ಲಿ ನಡುವಿನ ಕುರ್ಚಿಯಲ್ಲಿ ಕುಳಿತಿದ್ದಾರಲ್ಲ, ಕನ್ನಡಕದ ದೊಡ್ಡಕ್ಕೋರು, ಅವರೇ ನಮ್ಮ ಅಕ್ಕ. ಬರುವ ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ಅವಳು ಕಳೆದ ಸಲ ಹಿಂಡಿ ಕಳಿಸಿದ ಡಬ್ಬಿ ನಮ್ಮಲ್ಲೇ ಉಳಿದಿದೆ. ಯಾರೂ ಅದನ್ನು ಖಾಲಿ ಕೊಡಬೇಡಿ ಮತ್ತೆ. ಅರ್ಧ ರೊಟ್ಟಿ ನಾನು ತೆಗೆದಿಟ್ಟಿದ್ದೇನೆ.